ಬಿತ್ಸಾನ್ ಗೋಲುಗಳ ಲೆಕ್ಕ

ಪತ್ರ: ರೊನಾಲ್ಡೊ ಅವರು ಹಳೆಯ ಕಾಲದ ಫುಟ್‌ಬಾಲ್ ಆಟಗಾರ ಯೋಸೆಫ್ ಬಿಕಾನ್ ಅವರ ಅತಿ ಹೆಚ್ಚು ಗೋಲುಗಳ ದಾಖಲೆ ಮುರಿದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಬಿಕಾನ್ ಗೋಲು ಒಂದು ಕಡೆ 759, ಇನ್ನೊಂದು ಕಡೆ 805 ಎಂದಿದೆ. ಯಾವುದು ಸರಿ? ಯುದ್ಧಕಾಲದಲ್ಲಿ ಗಟ್ಟಿ ಎದುರಾಳಿಗಳೇ ಇಲ್ಲದಾಗ ಹೊಡೆದ ಗೋಲಿಗೆ ಬೆಲೆಯುಂಟೆ? ಆಮೇಲೆ ಅವರು ಏನಾದರು?
— ಒಬ್ಬ ಓದುಗ, ದಾವಣಗೆರೆ

ಸಂಪಾದಕರ ಉತ್ತರ: ಮೊದಲು ನಮ್ಮದೇ ತಪ್ಪು ಒಪ್ಪಿಕೊಳ್ಳುತ್ತೇವೆ. ಚೆಕ್ ಜನರ ಬಾಯಲ್ಲಿ ಆ ಹೆಸರು 'ಬಿತ್ಸಾನ್'. ನಾವು ಇಂಗ್ಲಿಷ್ ಅಕ್ಷರ ನೋಡಿ ಸುಮ್ನೆ ಬಿಕಾನ್ ಮಾಡಿಬಿಟ್ಟೆವು.

ಲೆಕ್ಕದ ಜಗಳ ಮುಗಿಯುವಂಥದ್ದಲ್ಲ. ಮೀಸಲು ತಂಡಕ್ಕೆ ಹೊಡೆದ ಗೋಲು ಸೇರಿಸಿದರೆ ಒಂದು ಸಂಖ್ಯೆ, ಬಿಟ್ಟರೆ ಇನ್ನೊಂದು. 2021ರಲ್ಲಿ ರೊನಾಲ್ಡೊ 760ನೇ ಗೋಲು ಹೊಡೆದಾಗ ಚೆಕ್ ಫುಟ್‌ಬಾಲ್ ಸಂಸ್ಥೆ, ನಮ್ಮವರದು 821 ಎಂದು ಹೊಸ ಪಟ್ಟಿಯನ್ನೇ ತಂದಿತು!

ಯುದ್ಧದ ಮಾತಿಗೆ ಬರೋಣ. ಜರ್ಮನ್ ಆಳ್ವಿಕೆಯಲ್ಲಿ ಚೆಕ್ ಲೀಗ್‌ನಲ್ಲಿ ಸ್ಲೊವಾಕ್ ತಂಡಗಳು ಇರಲಿಲ್ಲ, ನಿಜ. 1943-44ರಲ್ಲಿ ಹೊಡೆದ 57 ಗೋಲನ್ನು ಬೇಕಾದರೆ ಸ್ವಲ್ಪ ಕಡಿಮೆ ಮಾಡಿ ನೋಡಿ. ಆದರೆ ಯುದ್ಧಕ್ಕೆ ಮುಂಚೆ, 1938ರಲ್ಲಿ ಮಧ್ಯ ಯುರೋಪಿನ ಕ್ಲಬ್‌ಗಳು ಸೆಣಸುತ್ತಿದ್ದ ಮಿಟ್ರೋಪಾ ಕಪ್‌ನಲ್ಲಿ ಅವರ ಸ್ಲಾವಿಯಾ ಪ್ರಾಗ್ ತಂಡ ಇಟಲಿಯ ಚಾಂಪಿಯನ್ ಅಂಬ್ರೋಸಿಯಾನಾವನ್ನು, ಅಂದರೆ ಇಂದಿನ ಇಂಟರ್ ಮಿಲಾನನ್ನು, 9-0 ಅಂತರದಲ್ಲಿ ಬಡಿಯಿತು. ಆ ಟೂರ್ನಿಯಲ್ಲಿ ಬಿತ್ಸಾನ್ 10 ಗೋಲು ಹೊಡೆದು ಕಪ್ಪನ್ನೂ ಗೆದ್ದರು. 1939ರಲ್ಲಿ ಬೊಹೆಮಿಯಾ-ಮೊರಾವಿಯಾ, ಅಂದರೆ ಜರ್ಮನ್ ಹಿಡಿತದಲ್ಲಿದ್ದ ಚೆಕ್ ನಾಡಿನ ಪರ ಆಡಿದ ಒಂದೇ ಪಂದ್ಯದಲ್ಲಿ ಜರ್ಮನಿಗೇ ಮೂರು ಗೋಲು ಹಾಕಿದರು. ಪಂದ್ಯ 4-4. ಇವರೆಲ್ಲ ಗಟ್ಟಿ ಎದುರಾಳಿಗಳಲ್ವಾ?

ಹುಟ್ಟಿದ್ದು 1913ರಲ್ಲಿ, ವಿಯೆನ್ನಾದ ಬಡ ಚೆಕ್ ಕುಟುಂಬದಲ್ಲಿ. ಅಪ್ಪನೂ ಆಟಗಾರ. ಪಂದ್ಯದಲ್ಲಿ ಪೆಟ್ಟು ಬಿತ್ತು, ಆಪರೇಷನ್ ಬೇಡವೆಂದರು, 1921ರಲ್ಲಿ ತೀರಿಕೊಂಡರು. ಹುಡುಗ ಬರಿಗಾಲಲ್ಲಿ ಆಡಿ ಚೆಂಡು ಪಳಗಿಸಿಕೊಂಡ. ಮಗನನ್ನು ಕೆಡವಿದ ಆಟಗಾರನನ್ನು ಹೊಡೆಯಲು ಅಮ್ಮ ಕೊಡೆ ಹಿಡಿದು ಮೈದಾನಕ್ಕೇ ನುಗ್ಗಿದರೆಂಬ ಕಥೆಯಿದೆ. ನನಗಂತೂ ಎಲ್ಲ ಸಂಖ್ಯೆಗಳಿಗಿಂತ ಆ ಕೊಡೆಯೇ ಜಾಸ್ತಿ ನೆನಪಿರುತ್ತದೆ.

1934ರ ವಿಶ್ವಕಪ್ ಆಸ್ಟ್ರಿಯಾ ಪರ ಆಡಿದರು. ಪ್ರಾಗ್‌ನ ಸ್ಲಾವಿಯಾ ಸೇರಿದ ಮೇಲೆ ಬಂದ 1938ರದ್ದು ಚೆಕೊಸ್ಲೊವಾಕಿಯಾ ಪೌರತ್ವದ ಕಾಗದದಲ್ಲಿ ಆದ ಎಡವಟ್ಟಿನಿಂದ ಕೈತಪ್ಪಿತು.

ಯುದ್ಧ ಮುಗಿದ ಮೇಲೆ ಇಟಲಿಯ ಯುವೆಂಟಸ್ ಕ್ಲಬ್ ಕರೆಯಿತು. ಇಟಲಿ ಕಮ್ಯುನಿಸ್ಟರ ಪಾಲಾಗುತ್ತದೆ ಎಂದು ಹೆದರಿ ಇವರು ಹೋಗಲಿಲ್ಲ. 1948ರಲ್ಲಿ ಕಮ್ಯುನಿಸ್ಟರು ಬಂದದ್ದು ಪ್ರಾಗ್‌ಗೆ! ಪಕ್ಷ ಸೇರಲು ಒಪ್ಪದೆ ವಿತ್ಕೊವಿತ್ಸೆಯ ಉಕ್ಕಿನ ಕಾರ್ಖಾನೆ ತಂಡಕ್ಕೆ ಹೋದರು, ಅಲ್ಲಿಂದ ಹ್ರಾದೆತ್ಸ್ ಕ್ರಾಲೊವೆಗೆ. 1953ರ ಮೇ ದಿನದ ಮೆರವಣಿಗೆಯಲ್ಲಿ ಜನ ಅಧ್ಯಕ್ಷರಿಗೆ ಹಾಕಬೇಕಾದ ಜೈಕಾರವನ್ನು ಬಿತ್ಸಾನ್‌ಗೆ ಹಾಕಿದರಂತೆ. ಕೂಡಲೇ ಊರು ಬಿಡಿ ಎಂಬ ಆಜ್ಞೆ ಬಂತು. ಮತ್ತೆ ಸ್ಲಾವಿಯಾ ಸೇರಿ, 1955ರಲ್ಲಿ 42ನೇ ವಯಸ್ಸಿಗೆ ಬೂಟು ಕಳಚಿದರು.

ಇನ್ನು ಕೋಚ್ ಕೆಲಸ. ಲಿಬೆರೆತ್ಸ್, ಬ್ರ್ನೋ, ಹೀಗೆ ಊರೂರು ಸುತ್ತಿದರು, ದೊಡ್ಡ ಹೆಸರೇನೂ ಬರಲಿಲ್ಲ. 1969ರಲ್ಲಿ ಬೆಲ್ಜಿಯಂನ ತೊಂಗೆರೆನ್ ಎಂಬ ಸಣ್ಣ ಊರಿನ ಕ್ಲಬ್ ಕರೆಸಿಕೊಂಡಿತು. ತಂಡ ಇದ್ದದ್ದು ನಾಲ್ಕನೇ ವಿಭಾಗದಲ್ಲಿ. ಮೂರು ವರ್ಷ ಕಳೆದು ಇವರು ಹೊರಟಾಗ ಎರಡನೆಯದರಲ್ಲಿತ್ತು.