ಚೆನ್ನಾಗೇ ಓಡುತ್ತಿದೆಯಲ್ಲ, 91 ಸಾಕಲ್ವಾ?

ಪ್ರಶ್ನೆ: ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ನ ಲಕ್ಷುರಿ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಪೆಟ್ರೋಲ್ ಹಾಕುವ ಮುಚ್ಚಳದ ಒಳಗೆ ‘ಕನಿಷ್ಠ 95 ಆರ್‌ಒಎನ್, 98 ಆದರೆ ಉತ್ತಮ’ ಎಂದಿದೆ. ಮೂರು ತಿಂಗಳಿಂದ 91 ಹಾಕಿಸುತ್ತಿದ್ದೇನೆ, ಗಾಡಿ ಚೆನ್ನಾಗೇ ಓಡುತ್ತಿದೆ. ಹೀಗೇ ಮುಂದುವರಿಸಬಹುದಾ?

ಉತ್ತರ: ದಯವಿಟ್ಟು ಬೇಡ. ಟರ್ಬೊ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವುದರಿಂದ ಸಿಲಿಂಡರ್ ಒಳಗೆ ಒತ್ತಡ, ಬಿಸಿ ಎರಡೂ ಜಾಸ್ತಿ. ಮುಚ್ಚಳದಲ್ಲಿರುವ ಆರ್‌ಒಎನ್ ಅಂದರೆ ಪೆಟ್ರೋಲ್‌ನ ಆಕ್ಟೇನ್ ಅಳೆಯುವ ಸಂಖ್ಯೆ. ಆಕ್ಟೇನ್ ಕಡಿಮೆಯಾದರೆ ಸ್ಪಾರ್ಕ್ ಪ್ಲಗ್ ಹಚ್ಚಿದ ಬೆಂಕಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಳ್ಳುತ್ತದೆ. ಇದೇ ನಾಕಿಂಗ್. ನಾಕ್ ಸೆನ್ಸರ್‌ಗೆ ಇದು ಗೊತ್ತಾದ ಕೂಡಲೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ತಳ್ಳುತ್ತದೆ, ಅಂದರೆ ಕಿಡಿಯನ್ನು ಸ್ವಲ್ಪ ತಡವಾಗಿ ಹಾರಿಸುತ್ತದೆ, ಬೇಕಾದರೆ ಟರ್ಬೊ ಬೂಸ್ಟನ್ನೂ ಇಳಿಸುತ್ತದೆ. ಹಾಗಾಗಿ ನಿಮಗೆ ಶಬ್ದ ಕೇಳಿಸುವುದಿಲ್ಲ, ಆದರೆ ದುಡ್ಡು ಕೊಟ್ಟು ತಂದ ಪವರ್ ಪೂರ್ತಿ ಸಿಗುತ್ತಿಲ್ಲ, ಮೈಲೇಜೂ ಸ್ವಲ್ಪ ಇಳಿದಿರುತ್ತದೆ.

ಪವರ್ ಹೋದರೆ ಹೋಗಲಿ ಎಂದುಕೊಳ್ಳಬಹುದು. ಆದರೆ ಬಿರುಬಿಸಿಲಲ್ಲಿ, ಐದು ಜನ ಕೂತು ಏರು ಹತ್ತುವಾಗ, ಹೈ ಗೇರ್‌ನಲ್ಲೇ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಸೆನ್ಸರ್ ಎಲ್ಲವನ್ನೂ ಸರಿದೂಗಿಸಲು ಆಗುವುದಿಲ್ಲ. ಅಂಥ ಹೊಡೆತ ಮತ್ತೆ ಮತ್ತೆ ಬಿದ್ದರೆ ಪಿಸ್ಟನ್ನೇ ಒಡೆಯಬಹುದು.

ಈಗ ಟ್ಯಾಂಕಿನಲ್ಲಿ ಇರುವುದನ್ನು ತೆಗೆಸಬೇಕಿಲ್ಲ. ನಿಧಾನವಾಗಿ ಓಡಿಸಿ ಖಾಲಿ ಮಾಡಿ, ಆಮೇಲೆ 95ಕ್ಕಿಂತ ಕೆಳಗೆ ಹೋಗಬೇಡಿ. 98 ಹಾಕಿದರೆ ಜೋರಾಗಿ ಓಡಿಸುವಾಗ ವ್ಯತ್ಯಾಸ ಕಾಣಬಹುದು, ನಿಧಾನ ಟ್ರಾಫಿಕ್‌ನಲ್ಲಿ ಅಷ್ಟೇನೂ ಇಲ್ಲ. ಆಕ್ಟೇನ್ ಅಂದರೆ ಶಕ್ತಿ ಅಲ್ಲ, ನಾಕಿಂಗ್ ತಡೆಯುವ ಗುಣ ಅಷ್ಟೇ. ಇನ್ನೊಂದು ವಿಷಯ, ಅಮೆರಿಕದವರು ಬರೆದದ್ದನ್ನು ಓದಿ ‘ಅಲ್ಲಿ 91 ಹಾಕ್ತಾರಲ್ಲ’ ಎನ್ನುವವರು ತುಂಬಾ ಜನ. ಅಲ್ಲಿನ ಬಂಕ್‌ನಲ್ಲಿ ಬರೆಯುವುದು ಎಕೆಐ ಎಂಬ ಬೇರೆ ಆಕ್ಟೇನ್ ಲೆಕ್ಕ, ಅಲ್ಲಿಯ 91 ಅಂದರೆ ಆರ್‌ಒಎನ್ ಲೆಕ್ಕದಲ್ಲಿ ಸುಮಾರು 95.

ಪ್ರಶ್ನೆ: ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದಾಗಿನಿಂದ ಮೈಲೇಜ್ ಇಳಿದಿದೆ. ಎಂಜಿನ್ ಕೆಟ್ಟಿದೆಯಾ?

ಉತ್ತರ: ಇಳಿಕೆ ಸ್ವಲ್ಪವೇ ಆದರೆ ಹೆದರಬೇಡಿ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಇ10ರಲ್ಲಿ (ಶೇ. 10 ಎಥನಾಲ್) ಶೇ. 3ರಷ್ಟು, ಇ20ರಲ್ಲಿ (ಶೇ. 20 ಎಥನಾಲ್) ಶೇ. 6–7ರಷ್ಟು ಇಳಿಯುವುದು ಸಹಜ. ಅದಕ್ಕಿಂತ ತುಂಬಾ ಜಾಸ್ತಿ ಇಳಿದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ನಿಮ್ಮ ಗಾಡಿಗೆ ಎಷ್ಟರವರೆಗೆ ಆಗುತ್ತದೆ ಅನ್ನೋದನ್ನು ಮ್ಯಾನುಯಲ್‌ನಲ್ಲಿ ನೋಡಿ, ಹಳೆ ಗಾಡಿಯ ರಬ್ಬರ್ ಪೈಪು, ಸೀಲುಗಳು ಎಥನಾಲ್‌ಗೆ ಹಾಳಾಗಬಹುದು.

ಪ್ರಶ್ನೆ: ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ಟ್ಯಾಂಕಿಗೆ ಕ್ಲೀನರ್ ಬಾಟಲಿ ಸುರಿದರೆ ಇನ್‌ಟೇಕ್ ವಾಲ್ವ್‌ನ ಕಾರ್ಬನ್ ಹೋಗುತ್ತಾ?

ಉತ್ತರ: ಹೋಗುವುದಿಲ್ಲ. ಪೆಟ್ರೋಲ್ ನೇರವಾಗಿ ಸಿಲಿಂಡರ್‌ಗೆ ಬೀಳುತ್ತದೆ, ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್‌ನ ಹಿಂಭಾಗವನ್ನು ಮುಟ್ಟುವುದೇ ಇಲ್ಲ. ಬಾಟಲಿ ಇಂಜೆಕ್ಟರ್ ತುದಿಯನ್ನು ಸ್ವಚ್ಛ ಮಾಡಬಹುದು, ಅಷ್ಟೇ. ಕಾರ್ಬನ್ ದಪ್ಪಗಾಗಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಗಾಡಿ ನಿಂತಿರುವಾಗ) ಎಂಜಿನ್ ನಡುಗುತ್ತಿದ್ದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿಸಿ, ವಾಲ್‌ನಟ್ ಚಿಪ್ಪಿನ ಪುಡಿಯನ್ನು ಗಾಳಿಯಿಂದ ಹೊಡೆಸಿ ತೆಗೆಸಬೇಕು.