ಪ್ರತಿಕ್ರಿಯೆ: ವಿರಾಜಪೇಟೆಯಿಂದ ಕ್ಲೌಡ್ ಸೆಕ್ಯುರಿಟಿ ಕೆಲಸ

ಊರಲ್ಲೇ ಕೂತು ಕ್ಲೌಡ್ ಸೆಕ್ಯುರಿಟಿ ಎಂಜಿನಿಯರ್ ಕೆಲಸ (ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆದ ಕಂಪ್ಯೂಟರ್‌ಗಳಲ್ಲಿರುವ ಮಾಹಿತಿ ಕಾಯೋದು) ಆಗುತ್ತಾ, ದಿನವಿಡೀ ಹ್ಯಾಕರ್‌ಗಳ ಜೊತೆ ಗುದ್ದಾಟವಾ ಅಂತ ಕೇಳಿದ್ದೀರಿ. ಗುದ್ದಾಟ ಅಪರೂಪ. ನಾನು ಮಡಿಕೇರಿ ಮನೆಯಿಂದಲೇ ಮಾಡ್ತಿದ್ದೇನೆ. ಹೆಚ್ಚು ಹೊತ್ತು ಹೋಗೋದು ಯಾರಿಗೆ ಯಾವ ಅನುಮತಿ ಇದೆ ಅಂತ ನೋಡೋದರಲ್ಲಿ. ತೋಟದ ಗೇಟಿನ ಕೀ ಮಾತ್ರ ಸಾಕಾಗುವವನಿಗೆ ಗೋಡೌನಿನದ್ದೂ ಕೊಟ್ಟ ಹಾಗೆ ಮಾಡಿರ್ತಾರೆ! 2019ರಲ್ಲಿ ಅಮೆರಿಕದ ಬ್ಯಾಂಕ್ ಕ್ಯಾಪಿಟಲ್ ಒನ್‌ನಲ್ಲಿ ನಡೆದ ಪ್ರಕರಣ ಓದಿ: ಫೈರ್‌ವಾಲ್ (ಹೊರಗಿನಿಂದ ಬರೋದನ್ನ ತಡೆಯುವ ಕಾವಲು ಸಾಫ್ಟ್‌ವೇರ್) ಸೆಟ್ಟಿಂಗ್ ತಪ್ಪಿತ್ತು, ಅದಕ್ಕಿದ್ದ ಅನುಮತಿಯೂ ಅತಿಯಾಗಿತ್ತು. ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಹೊರಗೆ ಹೋಯಿತು.

ಮೊದಲು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕಿಂಗ್, ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಕಲೀರಿ, ಸರ್ಟಿಫಿಕೇಟ್ ಆಮೇಲೆ.

ಆನ್‌ಕಾಲ್ ಪಾಳಿ (ಯಾವ ಹೊತ್ತಲ್ಲಿ ಕರೆ ಬಂದರೂ ಕೆಲಸಕ್ಕೆ ಕೂರಬೇಕಾದ ಸರದಿ) ಮಾತ್ರ ಮಳೆಗಾಲದಲ್ಲಿ ಕಷ್ಟ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಇನ್ವರ್ಟರ್ ಎಷ್ಟು ತಾಳೀತು? ಜುಲೈ ಪಾಳಿ ಬೆಂಗಳೂರಿನ ಸಹೋದ್ಯೋಗಿಗೆ ಬಿಟ್ಟು ಅಕ್ಟೋಬರಿನಲ್ಲಿ ತೀರಿಸ್ತೇನೆ. ಡಿಸೆಂಬರಾದರೆ ಕಾಫಿ ಕುಯ್ಲು ಬೇರೆ.