ಯಾವ ಧರ್ಮದ ಆಚರಣೆ ಅತಿ ಕಷ್ಟದ್ದು?

ಒಂದೇ ಧರ್ಮದ ಹೆಸರು ಹೇಳಲು ಆಗುವುದಿಲ್ಲ. ಕಠಿಣ ನಿಯಮಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಇವೆ. ಅವು ಯಾರ ಹೆಗಲ ಮೇಲೆ ಬೀಳುತ್ತವೆ ಅನ್ನುವುದರಲ್ಲೇ ದೊಡ್ಡ ವ್ಯತ್ಯಾಸ ಇರುವುದು.

ಇಸ್ಲಾಂ ಮತ್ತು ಯಹೂದಿ ಧರ್ಮದಲ್ಲಿ ಭಾರ ಎಲ್ಲರಿಗೂ ಹಂಚಿದೆ. ದಿನಕ್ಕೆ 5 ಸಲ ನಮಾಜ್, ರಂಜಾನ್ ತಿಂಗಳಿಡೀ ನಸುಕಿನಿಂದ ಸೂರ್ಯ ಮುಳುಗುವವರೆಗೆ ನೀರೂ ಕುಡಿಯದ ಉಪವಾಸ ಪ್ರಾಯಕ್ಕೆ ಬಂದ ಪ್ರತಿಯೊಬ್ಬರ ಕರ್ತವ್ಯ. (ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಉಪವಾಸದಿಂದ ವಿನಾಯಿತಿ ಇದೆ. ಇದನ್ನು ತುಂಬಾ ಜನ ಮರೆತುಬಿಡುತ್ತಾರೆ.) ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಲ್ಲಿ 39 ಬಗೆಯ ಕೆಲಸ ಮಾಡುವಂತಿಲ್ಲ. ಸಂಪ್ರದಾಯಸ್ಥರು ಅಂದು ಲೈಟಿನ ಸ್ವಿಚ್ ಕೂಡ ಒತ್ತುವುದಿಲ್ಲ.

ಬೌದ್ಧ, ಜೈನ ಧರ್ಮಗಳಲ್ಲಿ ಭಾರ ಜಾಸ್ತಿ ಬೀಳುವುದು ಸಂಸಾರ ಬಿಟ್ಟವರ ಮೇಲೆ. ಬೌದ್ಧ ಗೃಹಸ್ಥರಿಗೆ ಮುಖ್ಯವಾಗಿ 5 ಶೀಲಗಳು; ಥೇರವಾದ ಪಂಥದ ಭಿಕ್ಷುಗಳಿಗೆ 227 ನಿಯಮ. ಜೈನ ಮುನಿಗಳಂತೂ ಬರಿಗಾಲಲ್ಲೇ ನಡೆಯುತ್ತಾರೆ, ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ.

ಇನ್ನೊಂದು ಮಾತು. ಮನೆಮಂದಿ, ನೆರೆಹೊರೆ ಎಲ್ಲ ಸೇರಿ ಉಪವಾಸ ಮಾಡುವಾಗ ಹಸಿವು ಅಷ್ಟು ಕಾಡುವುದಿಲ್ಲ, ಅಲ್ವಾ? ಅದೇ ನಿಯಮವನ್ನು ಒಬ್ಬರೇ ಪಾಲಿಸಬೇಕಾದಾಗ ನಿಜಕ್ಕೂ ಕಷ್ಟವಾಗುತ್ತದೆ.